ಮಿಲ್ಟ್ರಿ ಮಾವನ ಹಾಯಿದೋಣಿ

ಮಿಲ್ಟ್ರಿ ಮಾವನ ಬಲಗೈ ಹೆಬ್ಬೆರಳಿನ ಉಗುರು ಸದಾ ಹಳದಿ. ಕ್ಯಾನ್ವಾಸು ಹೊಲಿಯುವ ದಪ್ಪ ದಾರಕ್ಕೆ ಜೇನುಮೇಣ ಸವರಿ ಸವರಿ ಆ ಬಣ್ಣ ಉಗುರಿಗೇ ಹತ್ತಿಬಿಟ್ಟಿತ್ತು. ನಮಗೆ ನಂಟರೇನೂ ಅಲ್ಲ, ಪಕ್ಕದ ಮನೆಯವರು. ನೌಕಾಪಡೆಯಿಂದ ನಿವೃತ್ತರಾಗಿ ನಗರಗೆರೆ ಕಡೆಯ ನಮ್ಮೂರಿಗೆ ಮರಳಿದ್ದರು. "ಮಿಲ್ಟ್ರಿ ಅಲ್ಲ ಕಣಮ್ಮ, ನೇವಿ" ಎಂದು ಎಷ್ಟು ಸಲ ತಿದ್ದಿದರೂ ಊರಿನ ಬಾಯಿ ತಿದ್ದಿಕೊಳ್ಳಲಿಲ್ಲ.

ಬರುವಾಗ ಬೆಂಗಳೂರಿನಲ್ಲಿ ಯಾರೋ ಹರಾಜಿಗಿಟ್ಟಿದ್ದ ಪುಟ್ಟ ಹಾಯಿದೋಣಿಯೊಂದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಊರಿಗೆ ಊರೇ ನಕ್ಕಿತು. ನಗದೆ ಇನ್ನೇನು ಮಾಡುತ್ತದೆ? ನಮ್ಮ ಕೆರೆಯಂಗಳದಲ್ಲಿ ಆಗ ಕ್ರಿಕೆಟ್ ನಡೆಯುತ್ತಿತ್ತು. ಹುಟ್ಟಿದೂರಿನ ಕೆರೆಯಲ್ಲಿ ಒಮ್ಮೆ ಹಾಯಿ ಬಿಚ್ಚಬೇಕು ಎಂಬುದೊಂದೇ ಮಾವನ ಆಸೆ. ಮಳೆಗಾಲದಲ್ಲಿ ದಿನಾ ಕೆರೆ ನೋಡಿ ಬರುತ್ತಿದ್ದರು. ದೀಪಾವಳಿ ಕಳೆದರೂ ನೀರು ಬಾರದಿದ್ದರೆ, "ಈ ವರ್ಷಕ್ಕೂ ಇಲ್ಲ ಬಿಡು" ಎಂದು ನಮ್ಮ ಕಣದ ಪಕ್ಕದ ಹೊಂಗೆ ಮರದಡಿ ದೋಣಿಗೆ ಚಳಿಗಾಲದ ಹೊದಿಕೆ ಹೊದಿಸುತ್ತಿದ್ದರು.

ಅದು ಅವರೇ ಕೈಯಲ್ಲಿ ಹೊಲಿದ ಕ್ಯಾನ್ವಾಸಿನ ಹೊದಿಕೆ. ಹಾಯಿಯ ಕಂಬವನ್ನು ಉದ್ದಕ್ಕೆ ಮಲಗಿಸಿ, ಅದರ ಮೇಲಿಂದ ಎರಡೂ ಕಡೆಗೆ ಸೂರಿನಂತೆ ಇಳಿಬಿಡುತ್ತಿದ್ದರು. ಗೌರಿಬಿದನೂರಿನಿಂದ ಒಂದು ಪ್ಲಾಸ್ಟಿಕ್ ಶೀಟು ತಂದರೆ ಸಾಲದೇ ಎಂದು ಅಮ್ಮ ಕೇಳಿದ್ದಕ್ಕೆ ಮಾವನಿಗೆ ಸಿಟ್ಟೇ ಬಂದಿತ್ತು.

"ಪ್ಲಾಸ್ಟಿಕ್ ಸುತ್ತಿದ್ರೆ ಇಬ್ಬನಿ ಒಳಗೇ ನಿಂತು ಕೊಳೀತದಮ್ಮ. ಅದೂ ಉಸಿರಾಡ್ಬೇಕಲ್ವಾ?"

"ಹೆಂಡ್ತಿಗೂ ಇಷ್ಟು ಮುಚ್ಚಟೆಯಾಗಿ ಕಂಬಳಿ ಹೊದಿಸಿರಲ್ಲ ಈಯಣ್ಣ" ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ನಾನು ಕಾಲೇಜಿಗೆ ಸೇರಿದ ವರ್ಷ ಅಪ್ಪ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅಮ್ಮ, ನಾನು ಇಬ್ಬರೇ ರಾಗಿ ತೂರಿ ಕಣದಲ್ಲಿ ರಾಶಿ ಹಾಕಿದ್ದೆವು. ವರ್ಷವಿಡೀ ಮನೆಯವರ ಹೊಟ್ಟೆಗೆ ಅದೇ ಆಧಾರ. ಸೈಕ್ಲೋನ್ ಅಂತೆ, ಹಾಡಹಗಲೇ ಕತ್ತಲು ಕವಿದು ದಪ್ಪ ಹನಿ ಬೀಳತೊಡಗಿತು. ನಮ್ಮ ಟಾರ್ಪಾಲಿನ ತುಂಬ ತೂತು. ದಿಕ್ಕು ತೋಚದೆ ಓಡಾಡುತ್ತಿದ್ದಾಗ ನೋಡುತ್ತೇನೆ, ಮಾವ ದೋಣಿಯ ಹೊದಿಕೆಯ ಹಗ್ಗ ಬಿಚ್ಚುತ್ತಿದ್ದಾರೆ.

"ಬ್ಯಾಡಣ್ಣ, ನಿಮ್ ದೋಣಿ ಹಾಳಾಗ್ತದೆ!" ಅಮ್ಮ ಕೂಗಿದಳು.

"ಪರ್ವಾಲೇದಮ್ಮ, ಆ ತುದಿ ಹಿಡ್ಕೋ. ದೋಣೀನ ಮುದ್ದೆ ಮಾಡ್ಕೊಂಡು ತಿನ್ನಕ್ಕಾಗ್ತದಾ?"

ರಾಗಿ ಬೆಚ್ಚಗೆ ಉಳಿಯಿತು. ದಿನಗಟ್ಟಲೆ ಹಿಡಿದುಕೊಂಡ ಮಳೆಗೆ ದೋಣಿಯೊಳಗೆ ನೀರು ನಿಂತು, ಮರ ಉಬ್ಬಿ, ಬಿಸಿಲು ಬಿದ್ದಾಗ ತಳ ಸೀಳಿತು. ಮಾವ ಆ ಬಿರುಕಿನ ಮೇಲೆ ಕೈಯಾಡಿಸಿದರು. ಅತ್ತವಳು ನಾನು.

ಅದೇ ಮಳೆಗೆ ಕೆರೆಯೂ ತುಂಬಿತು. ಊರೆಲ್ಲ ಏರಿಯ ಮೇಲೆ ಸಂಭ್ರಮಪಡುತ್ತಿತ್ತು. ಮಾವನೂ ಬಂದರು. ಬೆನ್ನ ಹಿಂದೆ ಕೈ ಕಟ್ಟಿಕೊಂಡು ತುಂಬ ಹೊತ್ತು ನೀರು ನೋಡಿದರು. ಏನಾದರೂ ಸಮಾಧಾನ ಹೇಳಬೇಕೆಂದು ಪಕ್ಕದಲ್ಲಿ ಹೋಗಿ ನಿಂತೆ.

"ಗಾಳಿ ಚೆನ್ನಾಗಿ ಬೀಸ್ತಾ ಐತೆ ಕಣಮ್ಮ" ಎಂದರು. ಆಮೇಲೆ, "ನಡಿ, ನಿಮ್ಮಮ್ಮ ಮುದ್ದೆಗಿಟ್ಟಿರ್ತಾಳೆ" ಎಂದು ತಾವೇ ಮುಂದಾಗಿ ಹೊರಟರು.

ತಳಕ್ಕೆ ಹೊಸ ಹಲಗೆ ತರಿಸಿದ್ದರು. ಅದನ್ನು ಜೋಡಿಸುವ ಮೊದಲೇ, ಕೆರೆಯಲ್ಲಿ ನೀರು ಇನ್ನೂ ತುಂಬಿರುವಾಗಲೇ, ಮಾವ ತೀರಿಕೊಂಡರು. ಹುಟ್ಟಿದೂರಿನ ನೀರಿನಲ್ಲಿ ಅವರು ಒಮ್ಮೆಯೂ ಹಾಯಿ ಬಿಚ್ಚಲಿಲ್ಲ. ನಾವು ಮಾತ್ರ ಆ ವರ್ಷ ಒಂದು ಹೊತ್ತೂ ತಪ್ಪದೆ ಉಂಡೆವು.