ಸರಿಯಾದ ಕ್ರಯ ಹೇಳುತ್ತಿದ್ದವರು

ಅವರ ಮೂಗಿನ ತುದಿ ಯಾವಾಗಲೂ ಕಪ್ಪು. ಹಳೆಯ ಗ್ರಾಫಿಕ್ಸ್ ಕಾರ್ಡ್ ಯಾರು ತಂದರೂ ಮೊದಲು ಅದರ ಧೂಳು ಹಿಡಿದ ಫ್ಯಾನಿಗೆ ಮೂಗು ಹಚ್ಚಿ ಮೂಸುತ್ತಿದ್ದರು. ಸುಟ್ಟ ವಾಸನೆ ಬಂದರೆ ಮಾತಿಲ್ಲ, ವಾಪಸ್. ಪುತ್ತೂರಿನಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಕಂಪ್ಯೂಟರ್ ಅಂಗಡಿ. ನಾನು ಎರಡನೇ ಕ್ಲಾಸು ಓದಿದವಳು, ಹಾಲು ಮಾರಿ ಬದುಕಿದವಳು. ಅಲ್ಲಿಗೆ ಹೋದದ್ದು ಸೊಸೆಯ ದೆಸೆಯಿಂದ.

ಸೊಸೆ ಆಲಂಕಾರಿನ ನಮ್ಮ ಮನೆಯಲ್ಲೇ ಕೂತು ಮದುವೆಯ ವಿಡಿಯೊ ಎಡಿಟ್ ಮಾಡುತ್ತಾಳೆ. ಮನೆ ನಡೆಯುವುದು ಅದರಲ್ಲಿ. ಅವಳ ಕಂಪ್ಯೂಟರ್ ಅರ್ಧದಲ್ಲಿ ನಿಲ್ಲತೊಡಗಿತು. ಇನ್ನು ತಡವಾದರೆ ಕೆಲಸ ಬೇರೆಯವರಿಗೆ ಎಂದು ಸ್ಟುಡಿಯೊದವರು ಹೇಳಿಬಿಟ್ಟರು. ಚಿತ್ರ ಓಡಿಸುವ ಆ ಕಾರ್ಡನ್ನು ಬದಲಿಸಲೇಬೇಕಿತ್ತು. ಅವಳಿಗೆ ಏಳು ತಿಂಗಳು, ಬಸ್ಸು ಹತ್ತುವ ಹಾಗಿರಲಿಲ್ಲ. ಹಣ ಕಟ್ಟಿಕೊಂಡು ನಾನೇ ಹೋದೆ.

ಸೊಸೆಯ ಕೆಲಸದ ಸಂಗತಿ ಹೇಳಿ, ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ ತೋರಿಸಿ, “ಅದು ಕೊಡಿ” ಎಂದೆ.

“ಅರ್ಧ ಲೀಟರ್ ಹಾಲಿಗೆ ಡ್ರಮ್ಮು ಎಂತಕ್ಕಮ್ಮ? ನಿಮಗೆ ನಡುವಿನದ್ದು ಸಾಕು. ಮೋಸ ಇರುದೂ ನಡುವಿನದ್ದರಲ್ಲೇ. ಪೆಟ್ಟಿಗೆ ಮೇಲೆ ಒಂದೇ ಹೆಸರು, ಒಳಗೆ ಒಂದಕ್ಕೆ ಮೆಮೊರಿ ಎಂಟು ಜಿಬಿ, ಇನ್ನೊಂದಕ್ಕೆ ಹದಿನಾರು. ವಿಡಿಯೊ ಕೆಲಸಕ್ಕೆ ಎಂಟು ಸಾಲುದಿಲ್ಲ.”

“ಹದಿನಾರರದ್ದಕ್ಕೆ ಎಷ್ಟು?”

“ಐವತ್ತೆರಡು ಸಾವಿರ. ಆದ್ರೆ ನಾನು ಕೊಡುದಿಲ್ಲ.”

“ಎಂತ ಮಾರಾಯ್ರೆ, ಅಂಗಡಿ ಇಟ್ಟದ್ದು ನೋಡ್ಲಿಕ್ಕಾ?”

“ಮಾಲಿಲ್ಲ ಅಂತ ಏರಿಸಿದ ಕ್ರಯ ಅದು. ನಲ್ವತ್ತರ ಮಾಲು. ಎರಡು ತಿಂಗಳು ತಡೀರಿ, ಇಳಿತದೆ.”

“ನಾನು ತಡೀಬಹುದು, ಸ್ಟುಡಿಯೊದವ್ರು ತಡೀಬೇಕಲ್ಲ!”

ಅವರು ತಮ್ಮ ಮೇಜಿನ ಕಂಪ್ಯೂಟರನ್ನೇ ಆಫ್ ಮಾಡಿ, ಬದಿ ಬಿಚ್ಚಿ, ಒಳಗಿನ ಕಾರ್ಡು ಕಳಚಿ ಪೇಪರಿನಲ್ಲಿ ಸುತ್ತಿದರು. ಅದೂ ಹದಿನಾರರದ್ದೇ.

“ಅಷ್ಟರವರೆಗೆ ಇದು ಹಾಕಿಕೊಳ್ಳಿ. ಇಳಿದಾಗ ಫೋನ್ ಮಾಡ್ತೇನೆ. ನನಗೆ ಬಿಲ್ ಬರೀಲಿಕ್ಕೆ ಇದೆಲ್ಲ ಬೇಡ.”

ಗುರುತಿಲ್ಲದ ಮುದುಕಿಯ ಕೈಗೆ ಹಾಗೆ ಕೊಡುವುದು ಬುದ್ಧಿವಂತರ ಕೆಲಸವಲ್ಲ. ಅಲ್ಲೇ ಹೇಳಿದೆ. ಅವರು ನಕ್ಕರು.

ಸೊಸೆ ಹನ್ನೊಂದು ಮದುವೆ ಮುಗಿಸಿಕೊಟ್ಟಳು. ಕೆಲಸ ಉಳಿಯಿತು. ಹೆರಿಗೆಯೂ ಆಯಿತು.

ಅವರ ಫೋನ್ ಮಾತ್ರ ಬರಲಿಲ್ಲ. ಬಂದದ್ದು ಅವರು ತೀರಿಹೋದ ಸುದ್ದಿ. ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲವಂತೆ. ಕಾರ್ಡು ಹಿಡಿದು ಅವರ ಮನೆಗೆ ಹೋದೆ. ಅದು ನನ್ನ ಹತ್ತಿರ ಇದ್ದದ್ದೇ ಅವರ ಹೆಂಡತಿಗೆ ಗೊತ್ತಿರಲಿಲ್ಲ.

“ಅಂಗಡಿಯ ಕಾರ್ಡಿಗೆಲ್ಲ ಐದೈದು ಸಾವಿರ ಕೊಡ್ತೇನೆ ಅಂತ ಒಬ್ಬರು ಬಂದಿದ್ರು. ನೀವೂ ಅಷ್ಟೇ ಕೊಟ್ಟು ಇಟ್ಟುಕೊಳ್ಳಿ ಅಮ್ಮ” ಎಂದರು.

ಇಟ್ಟುಕೊಳ್ಳಬಹುದಿತ್ತು. ಸೊಸೆಗೆ ಫೋನ್ ಹಚ್ಚಿದೆ. ಹೊಸದು ನಲ್ವತ್ತೊಂದಕ್ಕೆ ಇಳಿದಿದೆ, ಇದು ಎರಡು ವರ್ಷ ಓಡಿದ್ದು, ಇಪ್ಪತ್ತಾರು ಬಾಳುತ್ತದೆ ಎಂದಳು.

“ಇದರ ಕ್ರಯ ಇಪ್ಪತ್ತಾರು ಸಾವಿರ. ಒಂದು ರೂಪಾಯಿ ಕಮ್ಮಿಗೆ ನಾನು ತಕೊಳ್ಳುದಿಲ್ಲ. ಉಳಿದದ್ದನ್ನೂ ಆ ಮನುಷ್ಯನಿಗೆ ಕೊಡ್ಬೇಡಿ. ಸೊಸೆ ಬಂದು ಒಂದೊಂದಕ್ಕೂ ಸರಿಯಾದ ಕ್ರಯದ ಚೀಟಿ ಅಂಟಿಸ್ತಾಳೆ.”

ಅವರು ಅತ್ತರು. ಹೊಸ ಕಾರ್ಡಿಗೆಂದು ಕಟ್ಟಿಕೊಂಡು ಹೋಗಿದ್ದ ಹಣದಿಂದ ನಾನು ಎಣಿಸಿ ಕೊಟ್ಟೆ.

ಮೂರು ಶನಿವಾರ ಸೊಸೆ ಆ ಅಂಗಡಿಯಲ್ಲಿ ಕೂತಳು. ನಾನು ಮಗುವನ್ನು ಹಿಡಿದು ಬಾಗಿಲ ಬೆಂಚಿನಲ್ಲಿ ಕೂತೆ. ಐದು ಸಾವಿರದವನೂ ಬಂದ. ಒಂದೊಂದೇ ಚೀಟಿ ಓದಿದ, ನನ್ನ ಮುಖ ನೋಡಿದ, ಹೋದ.