ತಂದೆಯ ಚಿತ್ರಕ್ಕೆ ಮಗಳ ಕಣ್ಣು

ಐದು ವರ್ಷಗಳ ಹಿಂದಿನ ಮಾತು. ಈಗಿನಂತೆ ಆಗಲೂ ನಾನು ನಾಸಿಕದ ದೇವಳಾಲಿ ಸೇನಾ ಕ್ಯಾಂಪಿನಲ್ಲಿ ಭಾವಚಿತ್ರ ಬರೆಯುವ ಸಣ್ಣ ಸ್ಟುಡಿಯೋ ನಡೆಸುತ್ತಿದ್ದೆ. ಮೂವತ್ತು ವರ್ಷ ಸೈನಿಕರ ಮೀಸೆ ತಿದ್ದಿ ಕೈ ಪಳಗಿತ್ತು. ಜಂಬವೂ ಅಷ್ಟೇ ಬೆಳೆದಿತ್ತು.

ಒಂದು ಮಧ್ಯಾಹ್ನ ನಮ್ಮ ಬೀದರ ಕಡೆಯ ಶಾಂತಮ್ಮ ಬಂದರು. ನಾಸಿಕದಲ್ಲೇ ಸಾತಪುರದ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ ಅವರ ಗಂಡ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪೂಜೆಗೆ ತೈಲಚಿತ್ರ ಬೇಕಿತ್ತು. ತಂದಿದ್ದ ಫೋಟೋಗಳಲ್ಲೆಲ್ಲ ಆತ ಕಪ್ಪು ಕನ್ನಡಕದಲ್ಲೇ ಇದ್ದರು. ಬೆಂಕಿ ನೋಡಿ ನೋಡಿ ಕಣ್ಣು ಬೆಳಕು ತಾಳುತ್ತಿರಲಿಲ್ಲವಂತೆ.

"ಕನ್ನಡಕ ಬ್ಯಾಡ್ರಿ. ಮಗಳ ಕಣ್ಣು ಥೇಟ್ ಅವರವೇ ಅದಾವ. ಅವನ್ನೇ ತಗೋರಿ," ಎಂದರು.

ಮಗಳು ಸುವರ್ಣಾ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ಓದುತ್ತಿದ್ದಳು. ಎರಡು ಭಾನುವಾರ ಬಂದು ನನ್ನೆದುರು ಕೂತಳು. ಪದ್ಧತಿಯಂತೆ ಕಣ್ಣನ್ನು ಕೊನೆಗೆ ಬರೆದೆ. ಪಾಪೆಯಲ್ಲಿ ಇಡುವ ಬಿಳಿ ಚುಕ್ಕೆಗೆ ನಾವು ಹೈಲೈಟ್ ಎನ್ನುತ್ತೇವೆ; ಅದನ್ನಿಟ್ಟರೆ ಚಿತ್ರಕ್ಕೆ ಜೀವ ಬರುತ್ತದೆ. ಬಂತು. ಆದರೆ ಐವತ್ತರ ಗಂಡಸಿನ ಮುಖದೊಳಗಿಂದ ಇಪ್ಪತ್ತರ ಹುಡುಗಿ ನನ್ನನ್ನು ನೋಡುತ್ತಿದ್ದಳು. ಚಿತ್ರಕ್ಕೆ ಬಟ್ಟೆ ಮುಚ್ಚಿ, ಇದೆಲ್ಲ ನನ್ನ ಭ್ರಮೆ ಎಂದುಕೊಂಡೆ.

ಪೂಜೆಗೆ ಮೂರು ದಿನವಿರುವಾಗ ಶಾಂತಮ್ಮ ಗಂಧದ ಹಾರದ ಅಳತೆ ನೋಡಲು ಬಂದರು. ಚೌಕಟ್ಟಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು.

"ಹ್ಯಾಂಗ ಹಾಕಲ್ರಿ? ನನ್ನ ಕೂಸು ನೋಡ್ಲಕತ್ತಾಳ. ಜೀವಂತ ಕೂಸಿನ ಫೋಟೋಕ ಹಾರ ಹಾಕಿದಂಗ ಆಗ್ತದ!"

ಮನುಷ್ಯರ ಪಟಕ್ಕೆ ನಾವು ಹಾರ ಹಾಕುವುದು ಅವರು ತೀರಿಕೊಂಡ ಮೇಲೆ. ಇಷ್ಟು ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ಬಣ್ಣ ಇನ್ನೂ ಹಸಿಯಾಗಿತ್ತು. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಎರಡೂ ಕಣ್ಣು ಒರೆಸಿದೆ.

ಶಾಂತಮ್ಮನ ಫೋನು ರಿಂಗಾಯಿತು. ಸಂಭಾಜಿನಗರದಿಂದ ಸುವರ್ಣಾ.

"ಅವ್ವಾ, ಒಮ್ಮಿಂದೊಮ್ಮೆಲೆ ನನ್ನ ಕಣ್ಣು ಭಾಳ ಉರೀಲಕತ್ತಾವ."

ಧೂಳು ಬಿದ್ದಿರಬೇಕು. ಇಂದಿಗೂ ಹಾಗೆಂದೇ ಹೇಳಿಕೊಳ್ಳುತ್ತೇನೆ.

ಮೊದಲ ದಿನವೇ ಕೇಳಬೇಕಿದ್ದುದನ್ನು ಆಗ ಕೇಳಿದೆ: "ಯಜಮಾನರು ಕನ್ನಡಕ ತೆಗೆದು ಏನು ನೋಡ್ತಿದ್ರು, ಹೇಳ್ರಿ."

"ಲಿಂಗಪೂಜಿಗಿ ಕುಂತಾಗ ಅಷ್ಟೇ ತೆಗೀತಿದ್ರು. ಎಡಗೈಯಾಗ ಲಿಂಗ ಇಟ್ಕೊಂಡು ಅದನ್ನೇ ನೋಡ್ತಿದ್ರು. ಕರೆದ್ರೂ ಕಣ್ಣು ಎತ್ತತಿರಲಿಲ್ಲ."

ಅಂಗೈ ಬರೆದೆ, ಅದರಲ್ಲಿ ಇಷ್ಟಲಿಂಗ ಬರೆದೆ, ರೆಪ್ಪೆಗಳನ್ನು ಕೆಳಗಿಳಿಸಿದೆ. ಪೂಜೆಯ ದಿನ ಸುವರ್ಣಾ ಚಿತ್ರದೆದುರು ನಿಂತು, "ಪಪ್ಪಾ," ಎಂದು ಮೆಲ್ಲಗೆ ಕರೆದು ಕಾದಳು. ಆತ ಕಣ್ಣೆತ್ತಲಿಲ್ಲ. ಶಾಂತಮ್ಮ ಹಾರ ಹಾಕಿದರು.

ಅಂದಿನಿಂದ, ಕಣ್ಣು ಹೇಗಿದ್ದವು ಎಂದು ಕೇಳುವ ಮೊದಲು ಅವು ಏನನ್ನು ನೋಡುತ್ತಿದ್ದವು ಎಂದು ಕೇಳುತ್ತೇನೆ. ಒರೆಸಿದ ಆ ಬಟ್ಟೆ ಸ್ಟುಡಿಯೋದಲ್ಲೇ ಇದೆ. ಅದನ್ನು ತೊಳೆಯಲು ನನಗೆ ಧೈರ್ಯವಾಗಿಲ್ಲ.