ಸ್ಕಾಲೋಪೆತ್ರಾಗೆ ಎಡಗಡೆಯ ಸೀಟು

ಗ್ರೀಸಿನ ಕಡಲಂಚಿನಲ್ಲಿ ಸ್ಕಾಲೋಪೆತ್ರಾ ಎಂಬ ಪುಟ್ಟ ಪಟ್ಟಣ. ಅದನ್ನು ದೋಹಾದ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಕೂತು ಜನರಿಗೆ ಮಾರುತ್ತಿದ್ದವರು ಶಿರ್ವದ ಥಿಯೋಡೋರ್. ಟ್ರಾವೆಲ್ ಏಜೆನ್ಸಿಯ ಕೌಂಟರಿನಲ್ಲೇ ತಲೆ ಬೆಳ್ಳಗಾದ ಮನುಷ್ಯ. ವೆನಿಸ್‌ನವರು ಕಟ್ಟಿದ ಕೋಟೆ, ಒಣದ್ರಾಕ್ಷಿ ಬಂದರಿಗೆ ಸಾಗಿಸಲೆಂದು ಬಂದ ರೈಲು, ದ್ರಾಕ್ಷಿಯ ಬೆಲೆ ಬಿದ್ದ ಮೇಲೆ ತುಕ್ಕು ಹಿಡಿದ ಹಳಿ, ಎಲ್ಲ ಅವರಿಗೆ ಬಾಯಿಪಾಠ. "ಈಗ ರೈಲಿಲ್ಲ, ಅಥೆನ್ಸಿನಿಂದ ಬಸ್ಸುಂಟು. ಎಡಗಡೆ ಕೂತ್ಕೊಳ್ಳಿ, ದಾರಿಯುದ್ದಕ್ಕೂ ಸಮುದ್ರ ಕಾಣ್ತದೆ," ಎಂದು ಗಿರಾಕಿಗಳಿಗೆ ಹೇಳುವಾಗ, ನಿನ್ನೆಯಷ್ಟೇ ಆ ಬಸ್ಸಿನಿಂದ ಇಳಿದು ಬಂದವರ ಗತ್ತು.

ಒಮ್ಮೆಯೂ ಹೋದವರಲ್ಲ.

ಹೆಂಡತಿ ವೆರೋನಿಕಾಗೆ ಮದುವೆಯ ಹೊಸತರಲ್ಲೇ ಆ ಊರು ತೋರಿಸುವ ಮಾತು ಕೊಟ್ಟಿದ್ದರು. ಆದರೆ ಗಲ್ಫಿನಲ್ಲಿರುವ ನಮ್ಮವರಿಗೆ ರಜೆ ಎಂದರೆ ಊರು, ಬೇರೆ ಕಡೆ ಹೋದರೆ ಮಹಾಪಾಪ. ಒಂದು ರಜೆ ತಂಗಿಯ ಮದುವೆಗೆ, ಇನ್ನೊಂದು ಮನೆಯ ತಾರಸಿಗೆ, ಮತ್ತೊಂದು ಭಾವನ ಮಗನ ನಾಮಕರಣಕ್ಕೆ. "ರಿಟೈರ್ ಆಗುವಾಗ ಆರಾಮಲ್ಲಿ ಹೋಗುವ," ಅಂದರು ಥಿಯೋಡೋರ್. ಅವಳು ನಂಬಿದಳು. ಕೋಟೆ ಹತ್ತಲೆಂದು ಒಳ್ಳೆಯ ಶೂ ಕೊಂಡಿಟ್ಟಳು. ಪೆಟ್ಟಿಗೆಯೊಳಗೇ ಅದರ ಅಡಿ ಕಳಚಿಹೋಯಿತು, ಪಾಪ, ಇನ್ನೊಂದು ಜೋಡಿ ಕೊಂಡಳು.

ಕೊನೆಗೂ ರಿಟೈರ್ಮೆಂಟ್ ಹತ್ತಿರ ಬಂತು. ಥಿಯೋಡೋರ್ ವೀಸಾಕ್ಕೆ ಅರ್ಜಿ ಹಾಕಲು ಕೂತರು. ಇಲ್ಲಿಂದ ಯುರೋಪಿಗೆ ಹೋಗಬೇಕಾದರೆ, ತಿರುಗಿ ಬಂದ ಮೇಲೂ ಮೂರು ತಿಂಗಳು ಕತಾರಿನ ವಾಸದ ಪರವಾನಗಿ ಇರಬೇಕು. ಎಷ್ಟೋ ಗಿರಾಕಿಗಳಿಗೆ ಇದನ್ನು ಹೇಳಿ ಹೇಳಿ ಸವೆದ ಬಾಯಿ ಅದು. ಕೆಲಸ ಮುಗಿದರೆ ಪರವಾನಗಿಯೂ ಖಲಾಸ್ ಎಂಬುದು ತನಗೂ ಅನ್ವಯಿಸುತ್ತದೆಂದು ಮಹಾನುಭಾವರಿಗೆ ಹೊಳೆದದ್ದು ಆಗ.

"ಊರಿಗೆ ಹೋಗಿ ಅಲ್ಲಿಂದ ಅಪ್ಲೈ ಮಾಡುವ," ಅಂದರು, ತಲೆ ಎತ್ತದೆ.

"ಊರಲ್ಲಿ ಕಂಪೌಂಡ್ ಗೋಡೆ ಕಟ್ಲಿಕ್ಕುಂಟಲ್ವಾ?" ಅಂದಳು ವೆರೋನಿಕಾ. ಜಗಳವಾಡಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಹೊಸ ಶೂಗಳನ್ನು ಎತ್ತಿಕೊಂಡು ಹೋಗಿ ಪಕ್ಕದ ಫ್ಲಾಟಿನವಳಿಗೆ ಕೊಟ್ಟು ಬಂದಳು.

ಆಫೀಸಿನ ಕೊನೆಯ ದಿನ ಕೇಕು ತರಿಸಿದ್ದರು. ವೆರೋನಿಕಾಳನ್ನೂ ಕರೆಸಿ ಕೌಂಟರಿನ ಹಿಂದೆ ಕೂರಿಸಿದ್ದರು. ಅಷ್ಟರಲ್ಲಿ ಉಡುಪಿ ಕಡೆಯ ಅಮಿತಾ ಎಂಬ ಹುಡುಗಿ ಗಂಡನ ಜೊತೆ ಬಂದು ಸ್ಕಾಲೋಪೆತ್ರಾದ ಬಗ್ಗೆ ವಿಚಾರಿಸಿದಳು. ಹೊಸ ಗುಮಾಸ್ತ ಡ್ಯಾರೆಲ್ ನಗುತ್ತಾ, "ಅಂಕಲ್, ನಿಮ್ಮ ಊರು! ನೀವೇ ಹೇಳಿ," ಅಂದ.

ಹೇಳದೆ ಇರಲು ಥಿಯೋಡೋರರಿಂದ ಆಗಲಿಲ್ಲ. ಕೋಟೆ, ದ್ರಾಕ್ಷಿ, ರೈಲು, ಬಸ್ಸು. ದನಿಗೆ ಹಳೆಯ ಗತ್ತು ಬಂತು. ಎಡಗಡೆಯ ಸೀಟಿನವರೆಗೂ ಬಂದರು.

"ನೀವು ಹೋದದ್ದು ಯಾವಾಗ ಅಂಕಲ್?" ಕೇಳಿದಳು ಅಮಿತಾ.

ಥಿಯೋಡೋರ್ ಪೆನ್ನು ಹುಡುಕತೊಡಗಿದರು. ವೆರೋನಿಕಾ ಕೇಕಿನ ತಟ್ಟೆ ಕೆಳಗಿಟ್ಟಳು.

"ಅವರು ದಿನಾ ಹೋಗ್ತಾರೆ ಮಗಾ," ಅಂದಳು. "ನನ್ನನ್ನು ಮಾತ್ರ ಒಂದು ದಿನವೂ ಕರ್ಕೊಂಡು ಹೋಗ್ಲಿಲ್ಲ."